ಜನ ಏನಂತಾರ್ರೀ?

ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಮಾರಿ ಬಂದ ದುಡ್ಡು ಎಷ್ಟೋ ಮನೆಗಳಲ್ಲಿ ಮದುವೆಗೇ ಹೋಗುತ್ತದೆ. ಮೊನ್ನೆ ಹಾವೇರಿ ಕಡೆ ಒಂದು ಮದುವೆ. ಡ್ರೋನ್, ಎಲ್‌ಇಡಿ ಪರದೆ, ನಾಲ್ಕು ಥರದ ಸಿಹಿ. ಗೋಧಿ ಹುಗ್ಗಿ ಮಾತ್ರ ಇರಲಿಲ್ಲ. "ಬೀಗರ ಕಡೆ ಹಿಂಗ ಮಾಡಿದ್ರು, ನಾವು ಕಡಿಮಿ ಮಾಡಿದ್ರ ಜನ ಏನಂತಾರ್ರೀ?" ಅಂದರು ಹುಡುಗಿಯ ಅಪ್ಪ. ಸಾಲ ಮಾಡಿದ್ದಾರೆ. ಒಬ್ಬರು ಏರಿಸಿದ ಮಟ್ಟಕ್ಕೆ ಪಕ್ಕದ ಮನೆಯವರೂ ಏರಲೇಬೇಕು, ಇಳಿಯೋಕೆ ಯಾರಿಗೂ ಧೈರ್ಯ ಇಲ್ಲ.

ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂತು. ಈಗ ಎಷ್ಟೋ ಕಡೆ ಬಾಯಿಬಿಟ್ಟು ಕೇಳುವುದಿಲ್ಲ. "ಮದುವಿ ಛಲೋ ಮಾಡಿಕೊಡ್ರಿ ಸಾಕು" ಅಂತಾರೆ. ನನಗೆ ಇದೇ ಜಾಸ್ತಿ ಭಯ.

ನಮ್ಮ ಕಡೆ ಮಠಗಳಲ್ಲಿ ಸಾಮೂಹಿಕ ವಿವಾಹ ನಡೆಯುತ್ತವೆ. ಉಳ್ಳವರು ದೇಣಿಗೆ ಕೊಡುತ್ತಾರೆ, ಸಂತೋಷ. ಅವರ ಮಕ್ಕಳ ಮದುವೆಯೂ ಅದೇ ಹಂದರದಲ್ಲಿ ಆದರೆ ಈ ಅಪ್ಪನಂಥವರಿಗೆ ಎಷ್ಟು ಹಗುರ, ಅಲ್ವಾ?