ಪಿಂಚಣಿ ಲೆಕ್ಕ ನಿಮ್ಮ ಸೇವಾ ಪುಸ್ತಕದಲ್ಲೇ ಇದೆ, ಒಮ್ಮೆ ಬಿಡಿಸಿ ನೋಡಿ

ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಪೆನ್ಷನ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ನಿವೃತ್ತಿ ಹತ್ತಿರ ಬಂದವರು ನಮ್ಮ ಟೇಬಲ್ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ನನಗೆ ಎಷ್ಟು ಬರುತ್ತೆ, ಸ್ವಲ್ಪ ನೋಡಿ ಹೇಳಿ." ಸರ್ವಿಸ್ ಪೂರ್ತಿ ಬಿಲ್ಲು, ವೋಚರು, ಆಡಿಟ್ ಅಂತ ಲೆಕ್ಕದಲ್ಲೇ ಕಳೆದವರೂ ಹೀಗೇ ಕೇಳುತ್ತಾರೆ. ಪಿಂಚಣಿ ಅನ್ನೋದು ಯಾರೋ ದೆಹಲಿಯಲ್ಲಿ ಕೂತು ನಿಗದಿ ಮಾಡುವ ಮೊತ್ತ ಅಲ್ಲ. ಕೊನೆಯ ಮೂಲ ವೇತನ, ಅರ್ಹ ಸೇವೆ (ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆ), ಹುಟ್ಟಿದ ದಿನ, ಕುಟುಂಬದ ವಿವರ ಇಷ್ಟು ಗೊತ್ತಿದ್ದರೆ ಒಂದು ಹಾಳೆಯಲ್ಲಿ ನೀವೇ ಹಾಕಿಕೊಳ್ಳಬಹುದು. ಇವೆಲ್ಲ ಇರುವುದು ಸೇವಾ ಪುಸ್ತಕದಲ್ಲಿ, ಅಂದರೆ ಕಚೇರಿಯಲ್ಲಿರುವ ನಿಮ್ಮ ಸರ್ವಿಸ್ ದಾಖಲೆಯಲ್ಲಿ. ಅದನ್ನು ಯಾವಾಗ ನೋಡಿದ್ದಿರಿ ಅಂತ ತಿರುಗಿ ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ.

ಮೊದಲು ನೀವು ಯಾವ ವ್ಯವಸ್ಥೆಯಲ್ಲಿದ್ದೀರಿ ಅಂತ ಗೊತ್ತಿರಬೇಕು. ಕೇಂದ್ರದಲ್ಲಿ 2004ರ ಜನವರಿ 1ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ. ಆ ದಿನ ಮತ್ತು ಆಮೇಲೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಕರ್ನಾಟಕ ರಾಜ್ಯ ಸರ್ಕಾರದಲ್ಲಿ ಈ ಗೆರೆ 2006ರ ಏಪ್ರಿಲ್ 1. ರಾಜ್ಯದವರ ಪಿಂಚಣಿ ನಿಯಮ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ, ಅಂದರೆ ಕೆಸಿಎಸ್‌ಆರ್ ನಾಲ್ಕನೇ ಭಾಗದಲ್ಲಿದೆ, ಕೇಂದ್ರದವರದು ಬೇರೆ ನಿಯಮಾವಳಿ. ಕಾಫಿ ಕುಡಿಯುವಾಗ ರಾಜ್ಯದ ಸ್ನೇಹಿತರು ಹೇಳಿದ ಲೆಕ್ಕವನ್ನು ತಂದು ನಮ್ಮ ಮುಂದೆ ಇಡುವವರು ಜಾಸ್ತಿ. ಎರಡನ್ನೂ ಕಲಸಬೇಡಿ. ಕೆಳಗೆ ಹೇಳುವುದು ಕೇಂದ್ರದ ಲೆಕ್ಕ.

ಹಳೆಯ ಪಿಂಚಣಿ ನೋಡೋಣ. ಕೊನೆಯ ಮೂಲ ವೇತನದ ಅರ್ಧ ಅಥವಾ ಕೊನೆಯ ಹತ್ತು ತಿಂಗಳ ಸರಾಸರಿಯ ಅರ್ಧ, ಯಾವುದು ಜಾಸ್ತಿಯೋ ಅದು. ಕನಿಷ್ಠ 10 ವರ್ಷ ಅರ್ಹ ಸೇವೆ ಇರಬೇಕು. "ಪೂರ್ತಿ ಪಿಂಚಣಿಗೆ 33 ವರ್ಷ ಆಗಬೇಕು, ಅಲ್ವಾ?" ಅಂತ ಈಗಲೂ ಕೇಳುತ್ತಾರೆ. ಕೇಂದ್ರದಲ್ಲಿ ಆರನೇ ವೇತನ ಆಯೋಗದ ನಂತರ ಆ ಷರತ್ತು ಹೋಯಿತು. 33 ವರ್ಷದ ಮಾತು ಈಗ ಉಳಿದಿರುವುದು ಗ್ರ್ಯಾಚುಟಿಯಲ್ಲಿ (ನಿವೃತ್ತಿಯಾದಾಗ ಒಂದೇ ಸಲ ಕೊಡುವ ಮೊತ್ತದಲ್ಲಿ) ಮಾತ್ರ.

ಒಂದು ಉದಾಹರಣೆ ಹಿಡಿದು ಹೋಗೋಣ. ವೇತನ ಶ್ರೇಣಿಯ ಲೆವೆಲ್ 6ರಲ್ಲಿ ಇರುವ ಒಬ್ಬರ ಕೊನೆಯ ಮೂಲ ವೇತನ 60,400 ರೂಪಾಯಿ. ಸೇವೆ 33 ವರ್ಷ ದಾಟಿದೆ. ಡಿಎ (ತುಟ್ಟಿಭತ್ಯೆ) ಶೇ 50 ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೆ ಸುಲಭ.

ಪಿಂಚಣಿ 30,200. ಇಲ್ಲೇ ಮೊದಲ ನಿರಾಸೆ. ಸಂಬಳದ ಅರ್ಧ ಅಂದರೆ ಕೈಗೆ ಬರುವ ಸಂಬಳದ ಅರ್ಧ ಅಂತ ಅಂದುಕೊಂಡಿರುತ್ತಾರೆ. ಅಲ್ಲ, ಬರೀ ಮೂಲ ವೇತನದ ಅರ್ಧ. ಮನೆ ಬಾಡಿಗೆ ಭತ್ಯೆ, ಸಾರಿಗೆ ಭತ್ಯೆ ಯಾವುದೂ ಇದರಲ್ಲಿ ಇಲ್ಲ. ಡಿಎ ಕೂಡ ಇದರೊಳಗೆ ಇಲ್ಲ, ಆದರೆ ಅದೇ ದರದಲ್ಲಿ ಪಿಂಚಣಿಯ ಮೇಲೆ ಪ್ರತಿ ತಿಂಗಳು ಬೇರೆಯಾಗಿ ಸಿಗುತ್ತದೆ. ಹಾಗಾಗಿ ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಒಂದೇ ಸಲ ದುಡ್ಡು ತೆಗೆದುಕೊಳ್ಳುವುದು) ಮಾಡದಿದ್ದರೆ 30,200ಕ್ಕೆ 15,100 ಸೇರಿ ತಿಂಗಳಿಗೆ 45,300.

ಗ್ರ್ಯಾಚುಟಿಗೆ ಮಾತ್ರ ಮೂಲ ವೇತನ ಮತ್ತು ಡಿಎ ಎರಡೂ ಲೆಕ್ಕಕ್ಕೆ. ಅಂದರೆ 90,600. ಪ್ರತಿ ಪೂರ್ಣ ಆರು ತಿಂಗಳ ಸೇವೆಗೆ ಇದರ ಕಾಲು ಭಾಗ, ಗರಿಷ್ಠ 16.5 ಪಟ್ಟು. ನಮ್ಮ ಉದಾಹರಣೆಯಲ್ಲಿ 14,94,900 ಆಗುತ್ತದೆ. ಒಟ್ಟು ಮಿತಿ 2024ರ ಜನವರಿ 1ರಿಂದ 25 ಲಕ್ಷ. ಇದರ ಜೊತೆಗೆ ಗಳಿಕೆ ರಜೆ 300 ದಿನ ಉಳಿದಿದ್ದರೆ ನಗದೀಕರಣ 9,06,000. ಜಿಪಿಎಫ್ (ಸಂಬಳದಿಂದ ಕಟ್ಟಿದ ಭವಿಷ್ಯ ನಿಧಿ) ನಿಮ್ಮದೇ ದುಡ್ಡು, ಅದು ಬೇರೆ.

ಈಗ ಕಮ್ಯುಟೇಷನ್. ನಮ್ಮ ಟೇಬಲ್ ಮುಂದೆ ಅತಿ ಹೆಚ್ಚು ಚರ್ಚೆ ನಡೆಯುವುದು ಇದರ ಬಗ್ಗೆ, ಅತಿ ಕಡಿಮೆ ಲೆಕ್ಕ ನಡೆಯುವುದೂ ಇದರ ಬಗ್ಗೆಯೇ. ಪಿಂಚಣಿಯ ಶೇ 40ರವರೆಗೆ ಬಿಟ್ಟುಕೊಟ್ಟು ಒಂದೇ ಸಲ ದೊಡ್ಡ ಮೊತ್ತ ತೆಗೆದುಕೊಳ್ಳಬಹುದು. 30,200ರ ಶೇ 40 ಅಂದರೆ 12,080. ಇದನ್ನು 12ರಿಂದ ಗುಣಿಸಿ, ಆಮೇಲೆ ವಯಸ್ಸಿನ ಪಟ್ಟಿಯಲ್ಲಿರುವ ಸಂಖ್ಯೆಯಿಂದ ಗುಣಿಸಬೇಕು. ಮುಂದಿನ ಹುಟ್ಟುಹಬ್ಬಕ್ಕೆ 61 ತುಂಬುವವರಿಗೆ ಆ ಸಂಖ್ಯೆ 8.194. ಕೈಗೆ ಸಿಗುವುದು ಸುಮಾರು 11.88 ಲಕ್ಷ. ಸರ್ಕಾರಿ ನೌಕರರಿಗೆ ಇದರ ಮೇಲೆ ಆದಾಯ ತೆರಿಗೆ ಇಲ್ಲ.

ಅದಕ್ಕೆ ಬದಲಾಗಿ 15 ವರ್ಷ ತಿಂಗಳಿಗೆ 12,080 ಕಡಿತ. ಒಟ್ಟು 21,74,400. "ಅಯ್ಯೋ, ದುಪ್ಪಟ್ಟು ಹತ್ತಿರ ಹತ್ತಿರ ಕೊಡಬೇಕಾ?" ಅಂತ ಕೆಲವರು ಗಾಬರಿಯಾಗುತ್ತಾರೆ. ಇನ್ನು ಕೆಲವರು ಏನೂ ನೋಡದೆ "ಪೂರ್ತಿ 40 ಬರೆದುಬಿಡಿ" ಅನ್ನುತ್ತಾರೆ. ಎರಡೂ ಸರಿಯಲ್ಲ. ಬಡ್ಡಿ ಲೆಕ್ಕದಲ್ಲಿ ನೋಡಿದರೆ ಇದು ಹೆಚ್ಚುಕಮ್ಮಿ ಶೇ 9ರ ಸಾಲದಂತೆ ಆಗುತ್ತದೆ. ಆದರೆ ಸಾಮಾನ್ಯ ಸಾಲದಲ್ಲಿ ಇಲ್ಲದ ಒಂದು ಅನುಕೂಲ ಇದರಲ್ಲಿದೆ. 15 ವರ್ಷ ಮುಗಿಯುವ ಮೊದಲೇ ಪಿಂಚಣಿದಾರರು ತೀರಿಕೊಂಡರೆ ಉಳಿದ ಕಂತನ್ನು ಮನೆಯವರಿಂದ ವಸೂಲಿ ಮಾಡುವುದಿಲ್ಲ. ಕುಟುಂಬ ಪಿಂಚಣಿಯೂ ಅದರಿಂದ ಕಡಿಮೆಯಾಗುವುದಿಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಕಮ್ಯುಟೇಷನ್ ಮಾಡಿದ ಮೇಲೂ ಡಿಎ ಮೊದಲಿನ ಪೂರ್ತಿ 30,200ರ ಮೇಲೆಯೇ ಸಿಗುತ್ತದೆ. ಹಾಗಾಗಿ ತಿಂಗಳಿಗೆ ಬರುವುದು 18,120 ಮತ್ತು 15,100, ಒಟ್ಟು 33,220.

ನನ್ನ ಅಭಿಪ್ರಾಯ ಕೇಳಿದರೆ, ಆ ಶೇ 9ಕ್ಕಿಂತ ಜಾಸ್ತಿ ಬಡ್ಡಿಯ ಸಾಲ ಇದ್ದವರು, ಆರೋಗ್ಯ ಅಷ್ಟು ಚೆನ್ನಾಗಿಲ್ಲದವರು ಪೂರ್ತಿ ತೆಗೆದುಕೊಳ್ಳುವುದು ಒಳ್ಳೆಯದು. ದುಡ್ಡನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡುವುದಕ್ಕೆ ಮಾತ್ರ ತೆಗೆದುಕೊಳ್ಳುವವರು ಎಫ್‌ಡಿ ಬಡ್ಡಿ ಎಷ್ಟು, ಅದರ ಮೇಲೆ ತೆರಿಗೆ ಎಷ್ಟು ಅಂತ ಮೊದಲು ನೋಡಿಕೊಳ್ಳಲಿ. ಮಕ್ಕಳ ಒತ್ತಾಯಕ್ಕೆ ಸಹಿ ಹಾಕುವವರನ್ನು ಕಂಡರೆ ನನಗೆ ಬೇಜಾರು, ಆದರೆ ಅದು ನನ್ನ ಸೆಕ್ಷನ್ನಿನ ಕೆಲಸ ಅಲ್ಲ. ಕೂಡಲೇ ನಿರ್ಧಾರ ಮಾಡಬೇಕು ಅಂತಲೂ ಇಲ್ಲ. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವೈದ್ಯಕೀಯ ಪರೀಕ್ಷೆ ಬೇಕಿಲ್ಲ.

ಲೆಕ್ಕ ಇಷ್ಟೇ. ಕಷ್ಟ ಬರುವುದು ಲೆಕ್ಕಕ್ಕೆ ಹಾಕುವ ಅಂಕಿ ಸರಿಯಿಲ್ಲದಾಗ.

ಅರ್ಹ ಸೇವೆ ಅಂದರೆ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿ ದಿನದವರೆಗೆ ಅಂತ ಸುಮ್ನೆ ಕಳೆಯುವುದಲ್ಲ. ವೈದ್ಯಕೀಯ ಸರ್ಟಿಫಿಕೇಟ್ ಕೊಟ್ಟು ಹಾಕಿದ ಅಸಾಧಾರಣ ರಜೆ (ಇಒಎಲ್, ಸಂಬಳ ಇಲ್ಲದ ರಜೆ) ಸೇವೆಗೆ ಸೇರುತ್ತದೆ. ಸ್ವಂತ ಕೆಲಸಕ್ಕೆ ಅಂತ ಹಾಕಿದ್ದರೆ ಸೇರುವುದಿಲ್ಲ. ನಮ್ಮಲ್ಲಿಗೆ ಬಂದ ಒಂದು ಸೇವಾ ಪುಸ್ತಕದಲ್ಲಿ ಒಂದು ಸಾಲು ಹೀಗಿತ್ತು: "ಇಒಎಲ್ ಮಂಜೂರು." ಅಷ್ಟೇ. ಕಾರಣ ಇಲ್ಲ, ಸರ್ಟಿಫಿಕೇಟಿನ ಉಲ್ಲೇಖ ಇಲ್ಲ. ಆ ರಜೆ ಕಾಮಾಲೆ ಬಂದಾಗ ಹಾಕಿದ್ದು ಅಂತ ಆ ನೌಕರರಿಗೆ ಚೆನ್ನಾಗಿ ನೆನಪಿದೆ. ಆದರೆ ಫೈಲಿಗೆ ನೆನಪು ಸಾಲದು. ಹಳೆಯ ಕಚೇರಿಗೆ ಪತ್ರ ಬರೆದು, ರಜೆ ಮಂಜೂರಾತಿ ಆದೇಶದ ಪ್ರತಿ ಹುಡುಕಿಸಿ ತರಬೇಕಾಯಿತು.

ಕೆಲವು ದಿನಕ್ಕೆ ಇಷ್ಟು ಒದ್ದಾಟ ಯಾಕೆ ಅಂದರೆ, ಮೂರು ತಿಂಗಳು ಅಥವಾ ಜಾಸ್ತಿ ಉಳಿದರೆ ಅದನ್ನು ಒಂದು ಪೂರ್ಣ ಅರ್ಧ ವರ್ಷ ಅಂತ ಎಣಿಸುತ್ತಾರೆ. ಒಬ್ಬರಿಗೆ 32 ವರ್ಷ 9 ತಿಂಗಳು ಇದ್ದರೆ 66 ಅರ್ಧ ವರ್ಷ. 32 ವರ್ಷ 8 ತಿಂಗಳು 20 ದಿನ ಇದ್ದರೆ 65. ನಮ್ಮ ಉದಾಹರಣೆಯ ವೇತನಕ್ಕೆ ಗ್ರ್ಯಾಚುಟಿಯಲ್ಲಿ ಒಂದು ಅರ್ಧ ವರ್ಷದ ಬೆಲೆ 22,650 ರೂಪಾಯಿ. ಹತ್ತು ದಿನದ ರಜೆಯ ಒಂದು ಸಾಲಿಗೆ ಅಷ್ಟು.

ಅಮಾನತಿನ ಅವಧಿ, ಡೈಸ್ ನಾನ್ (ಸೇವೆಗೆ ಲೆಕ್ಕವಿಲ್ಲ ಅಂತ ಆದೇಶವಾದ ಗೈರುಹಾಜರಿ), ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋದಾಗಿನ ಸೇವೆ, ಇವು ಕೂಡ ಹೀಗೇ. ಆದೇಶ ಏನಾಗಿತ್ತು ಅನ್ನೋದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. 18 ವರ್ಷ ಸೇವೆ ಆದಾಗ ಮತ್ತು ನಿವೃತ್ತಿಗೆ 5 ವರ್ಷ ಇರುವಾಗ ಅರ್ಹ ಸೇವೆಯನ್ನು ಪರಿಶೀಲಿಸಿ ನೌಕರರಿಗೆ ಪ್ರಮಾಣಪತ್ರ ಕೊಡಬೇಕು ಅಂತ 2021ರ ಪಿಂಚಣಿ ನಿಯಮದಲ್ಲೇ ಇದೆ. ಬಂದಿಲ್ಲ ಅಂದರೆ ಒಂದು ಅರ್ಜಿ ಬರೆದು ಕೇಳಿ. ಕೇಳಿದವರ ಪುಸ್ತಕ ಮೊದಲು ಬೀರುವಿನಿಂದ ಹೊರಗೆ ಬರುತ್ತದೆ, ಇದು ನಮ್ಮ ಸೆಕ್ಷನ್ನಿನ ಸತ್ಯ.

ವೇತನ ನಿಗದಿಯ ತಪ್ಪು ಇದಕ್ಕಿಂತ ನೋವಿನದು. ಯಾವುದೋ ಬಡ್ತಿಯಲ್ಲೋ ವೇತನ ಪರಿಷ್ಕರಣೆಯಲ್ಲೋ ಒಂದು ಇನ್‌ಕ್ರಿಮೆಂಟ್ ಜಾಸ್ತಿ ಸೇರಿರುತ್ತದೆ. ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಪಿಂಚಣಿ ಕಾಗದ ಲೆಕ್ಕಪತ್ರ ಕಚೇರಿಗೆ ಹೋದಾಗ ಅಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಗ್ರ್ಯಾಚುಟಿಯಿಂದ ವಸೂಲಿ ಮಾಡುವ ಮಾತು. ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಕೊಟ್ಟ ತೀರ್ಪು ತಿಳಿದಿರಲಿ. ಗ್ರೂಪ್ ಸಿ, ಡಿ ನೌಕರರಿಂದ, ನಿವೃತ್ತರಾದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕಿಂತ ಜಾಸ್ತಿ ಕಾಲ ಹೀಗೆ ಪಾವತಿ ಆಗಿದ್ದವರಿಂದ ವಸೂಲಿ ಮಾಡಬಾರದು ಅಂತ ಅದರಲ್ಲಿದೆ. ಆದರೆ ಪಿಂಚಣಿಯನ್ನು ಸರಿಪಡಿಸಿದ ವೇತನದ ಮೇಲೆಯೇ ನಿಗದಿ ಮಾಡುತ್ತಾರೆ, ಅದಕ್ಕೆ ಈ ತೀರ್ಪು ಅಡ್ಡಿ ಬರುವುದಿಲ್ಲ. ಹಾಗಾಗಿ ವೇತನ ನಿಗದಿಯ ಹಾಳೆಗಳನ್ನು ನಿವೃತ್ತಿಗೆ ನಾಲ್ಕೈದು ವರ್ಷ ಇರುವಾಗಲೇ ಒಮ್ಮೆ ಕೂತು ನೋಡುವುದು ವಾಸಿ.

ಜೂನ್ 30 ಅಥವಾ ಡಿಸೆಂಬರ್ 31ಕ್ಕೆ ನಿವೃತ್ತರಾಗುವವರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ವರ್ಷ ಪೂರ್ತಿ ಕೆಲಸ ಮಾಡಿ, ಇನ್‌ಕ್ರಿಮೆಂಟ್ ಬರುವ ಹಿಂದಿನ ದಿನ ಮನೆಗೆ ಹೋಗುವ ಕಥೆ ಇದು. ನಮ್ಮ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ನೌಕರರ ಪ್ರಕರಣದಲ್ಲಿ 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ಆ ಇನ್‌ಕ್ರಿಮೆಂಟ್ ಕೊಡಬೇಕು ಅಂತ ಹೇಳಿತು. ಆಮೇಲೆ ಕೇಂದ್ರವೂ ಇಂಥವರಿಗೆ ಒಂದು ಕಾಲ್ಪನಿಕ (ಲೆಕ್ಕಕ್ಕೆ ಮಾತ್ರ ಇರುವ) ಇನ್‌ಕ್ರಿಮೆಂಟ್ ಸೇರಿಸಿ ಪಿಂಚಣಿ ಲೆಕ್ಕ ಹಾಕಲು ಆದೇಶ ಮಾಡಿದೆ. ಪಿಂಚಣಿಗೆ ಮಾತ್ರ, ಗ್ರ್ಯಾಚುಟಿಗೆ ಅಲ್ಲ. ಅಂದಹಾಗೆ ತಿಂಗಳ 1ನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದ ಎಷ್ಟೋ ಜನ ಮೇ 31ಕ್ಕೇ ಹೋಗುತ್ತಾರೆ, ಈ ಇನ್‌ಕ್ರಿಮೆಂಟ್ ಅವರಿಗಿಲ್ಲ.

ಕುಟುಂಬದ ವಿವರದಲ್ಲಿ ನಮ್ಮ ಕಡೆಯ ದೊಡ್ಡ ತಲೆನೋವು ಹೆಸರು. ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಜಯಮ್ಮ. ಆಧಾರ್‌ನಲ್ಲಿ ಜಯಲಕ್ಷ್ಮಿ. ಬ್ಯಾಂಕಿನಲ್ಲಿ ಇನಿಷಿಯಲ್ ಮುಂದೆ ಬಂದು ಕೆ. ಜಯ. ಮೂರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಗಂಡ ಇದ್ದಾಗ ಇದನ್ನು ಸರಿಮಾಡುವುದು ಒಂದು ಅರ್ಜಿಯ ಕೆಲಸ. ಗಂಡ ಹೋದ ಮೇಲೆ ಆಕೆ ಒಬ್ಬಳೇ ಕಚೇರಿ, ನೋಟರಿ, ಬ್ಯಾಂಕು ಅಂತ ಅಲೆಯಬೇಕು.

ನಾಮಿನೇಷನ್ ವಿಷಯದಲ್ಲೂ ಗೊಂದಲ ಇದೆ. ಕೆಲಸಕ್ಕೆ ಸೇರಿದಾಗ ಮದುವೆ ಆಗಿರುವುದಿಲ್ಲ, ಗ್ರ್ಯಾಚುಟಿಗೆ ಯಾರದೋ ಹೆಸರು ಬರೆದಿರುತ್ತಾರೆ. ಕುಟುಂಬ ಇಲ್ಲದಾಗ ಮಾಡಿದ ನಾಮಿನೇಷನ್ ಕುಟುಂಬ ಆದ ಮೇಲೆ ಲೆಕ್ಕಕ್ಕಿಲ್ಲ, ಹೊಸದು ಕೊಡಬೇಕು. ಕುಟುಂಬ ಪಿಂಚಣಿಗೆ ನಾಮಿನೇಷನ್ ಅನ್ನೋದೇ ಇಲ್ಲ. ಅದು ನಿಯಮದ ಪ್ರಕಾರ ಮೊದಲು ಗಂಡ ಅಥವಾ ಹೆಂಡತಿಗೆ ಹೋಗುತ್ತದೆ. ಮೊತ್ತ ಕೊನೆಯ ಮೂಲ ವೇತನದ ಶೇ 30, ಅಂದರೆ ಇಲ್ಲಿ 18,120 ಮತ್ತು ಡಿಎ. ನಿವೃತ್ತಿಯಾದ ಮೇಲೆ ಬೇಗ ತೀರಿಕೊಂಡರೆ ಏಳು ವರ್ಷ ಅಥವಾ ಅವರಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಹೆಚ್ಚಿನ ದರ. ದುಡಿಯಲಾಗದ ಅಂಗವಿಕಲ ಮಗುವಿಗೆ ಜೀವನಪೂರ್ತಿ ಕುಟುಂಬ ಪಿಂಚಣಿಗೆ ಅವಕಾಶ ಇದೆ. ಅಂಥ ಮಕ್ಕಳಿರುವವರು ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಹೆಸರನ್ನು ತಾವಿದ್ದಾಗಲೇ ದಾಖಲೆಗೆ ಸೇರಿಸಿ, ದಯವಿಟ್ಟು. ಸಂಕೋಚಕ್ಕೆ ಮುಚ್ಚಿಟ್ಟವರನ್ನೂ ನೋಡಿದ್ದೇನೆ.

ಎನ್‌ಪಿಎಸ್‌ನ ಚಿಕ್ಕವರು ಇದೆಲ್ಲ ನಮಗಲ್ಲ ಅಂದುಕೊಳ್ಳುತ್ತಾರೆ. ಗ್ರ್ಯಾಚುಟಿ, ರಜೆ, ಸೇವಾ ಪುಸ್ತಕ ಅವರಿಗೂ ಇದೆ. ಅವರ ವೇತನ ಮತ್ತು ಡಿಎಯಿಂದ ಶೇ 10, ಕೇಂದ್ರದಿಂದ 2019ರ ಏಪ್ರಿಲ್‌ನಿಂದ ಶೇ 14 ಅವರ ಹೆಸರಿನ ಪಿಂಚಣಿ ಖಾತೆಗೆ (ಪ್ರಾನ್) ಹೋಗಬೇಕು. ಪ್ರತಿ ತಿಂಗಳು ಜಮಾ ಆಗಿದೆಯಾ ಅಂತ ನೋಡುವವರು ಕಡಿಮೆ. 2025ರ ಏಪ್ರಿಲ್ 1ರಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಕೂಡ ಬಂದಿದೆ. ಅದರಲ್ಲಿ 25 ವರ್ಷ ಸೇವೆ ಆದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷಕ್ಕೆ ಕನಿಷ್ಠ 10,000 ರೂಪಾಯಿ ಖಾತ್ರಿ. ಅಲ್ಲಿಯೂ ಮತ್ತೆ ಅರ್ಹ ಸೇವೆಯ ಪ್ರಶ್ನೆಯೇ ಬಂತು ನೋಡಿ.

ಪಿಂಚಣಿ ಕಾಗದ ನಿವೃತ್ತಿಗೆ ನಾಲ್ಕು ತಿಂಗಳ ಮೊದಲೇ ಲೆಕ್ಕಪತ್ರ ಕಚೇರಿಗೆ ಹೋಗಬೇಕು. ಎಲ್ಲ ಸರಿಯಿದ್ದರೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಮಯಕ್ಕೆ ಬರುತ್ತದೆ. ಬಂದ ಕೂಡಲೇ ಫೋಟೊ ಹಾಕಿಸಿ ವಾಟ್ಸಾಪ್‌ಗೆ ಕಳಿಸುವ ಮೊದಲು ಒಂದು ಸಲ ಓದಿ. ಹೆಸರು, ಮೂಲ ಪಿಂಚಣಿ, ಕಮ್ಯುಟೇಷನ್ ಮೊತ್ತ, ಖಾತೆ ನಂಬರು ನೋಡಿ. ಹೆಂಡತಿ ಅಥವಾ ಗಂಡನ ಹುಟ್ಟಿದ ದಿನಾಂಕದ ಜಾಗ ಖಾಲಿ ಇದೆಯಾ ಅಂತಲೂ ನೋಡಿ. 80 ತುಂಬಿದ ಮೇಲೆ ಪಿಂಚಣಿಗೆ ಶೇ 20, 85ಕ್ಕೆ ಶೇ 30 ಹೆಚ್ಚುವರಿ ಸಿಗುತ್ತದೆ, ಕುಟುಂಬ ಪಿಂಚಣಿಗೂ ಹಾಗೆಯೇ. ಆ ದಿನಾಂಕ ಇಲ್ಲದಿದ್ದರೆ ಅವರಿಗೆ 80 ಆಯಿತು ಅಂತ ಬ್ಯಾಂಕಿಗೆ ತಿಳಿಯುವುದೇ ಇಲ್ಲ. ಖಾಲಿ ಇದ್ದರೆ ಅದೇ ವಾರ ನಿಮ್ಮ ಕಚೇರಿಗೆ ಅರ್ಜಿ ಕೊಟ್ಟು ತಿದ್ದುಪಡಿ ಮಾಡಿಸಿಕೊಳ್ಳಿ. ಹೊಸದರಲ್ಲಿ ನಿಮ್ಮ ಫೈಲ್ ನಮ್ಮ ಕೈಗೆಟುಕುವಲ್ಲೇ ಇರುತ್ತದೆ, ಆಮೇಲೆ ರೆಕಾರ್ಡ್ ರೂಮಿಗೆ ಹೋಗಿಬಿಡುತ್ತದೆ.