ಬೋಟ್ ಮೇಲ್ ಹಾದಿಯಲ್ಲಿ: ಎಗ್ಮೋರ್‌ನಿಂದ ಧನುಷ್ಕೋಡಿಯವರೆಗೆ

ಚೆನ್ನೈ ಎಗ್ಮೋರ್‌ನಿಂದ ಸಂಜೆ ಹೊರಟು ರಾತ್ರಿಯಿಡೀ ಓಡಿ ಬೆಳಿಗ್ಗೆ ರಾಮೇಶ್ವರ ತಲುಪುವ ರೈಲಿಗೆ ಇಂದಿಗೂ ಬೋಟ್ ಮೇಲ್ ಎಂಬ ಹೆಸರೇ ಉಳಿದಿದೆ. ಉಗಿ ಎಂಜಿನ್ ಎಳೆಯುತ್ತಿದ್ದ ಕಾಲದಲ್ಲಿ ಈ ಗಾಡಿಯು ಪ್ರಯಾಣಿಕರನ್ನು ಸಮುದ್ರದಂಚಿನ ಧನುಷ್ಕೋಡಿಯ ಧಕ್ಕೆಗೆ, ಅಂದರೆ ಹಡಗುಕಟ್ಟೆಗೆ, ತಂದು ಬಿಡುತ್ತಿತ್ತು. ಅಲ್ಲಿಂದ ಅವರು ಹಡಗು ಹತ್ತಿ ಸಿಂಹಳಕ್ಕೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಹೋಗುತ್ತಿದ್ದರು. ರಾಮೇಶ್ವರ ಯಾತ್ರೆಗೆ ಹೊರಡುವ ನಮ್ಮವರಲ್ಲಿ ಬಹುಪಾಲು ಜನ ಧನುಷ್ಕೋಡಿಯನ್ನು ದರ್ಶನದ ನಂತರ ಒಂದೆರಡು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಆ ಹಳೆಯ ಪ್ರಯಾಣಿಕರು ಸಾಗಿದ ಕ್ರಮದಲ್ಲಿಯೇ, ರೈಲಿನಲ್ಲಿಯೇ ಹೋಗಬೇಕು, ಧನುಷ್ಕೋಡಿಗೆ ಒಂದು ಇಡೀ ಬೆಳಗನ್ನು ಮೀಸಲಿಡಬೇಕು ಎಂಬುದು ನನ್ನ ಒತ್ತಾಯದ ಸಲಹೆ.

ಹೊರಡುವ ಮುನ್ನ ಇತಿಹಾಸ ಸ್ವಲ್ಪ ತಿಳಿದಿದ್ದರೆ ಕಣ್ಣಿಗೆ ಬೀಳುವ ಪ್ರತಿಯೊಂದು ಗೋಡೆಗೂ ಅರ್ಥ ಬರುತ್ತದೆ. ಮೊದಲು ಮದರಾಸಿನ ರೈಲು ತೂತುಕುಡಿಗೆ ಹೋಗುತ್ತಿತ್ತು. ಅಲ್ಲಿಂದ ಕೊಲಂಬೊಗೆ ಸಮುದ್ರದ ದೀರ್ಘ ಪ್ರಯಾಣವಿತ್ತು. 1914ರ ಫೆಬ್ರವರಿ 24ರಂದು ರಾಮೇಶ್ವರ ದ್ವೀಪವನ್ನು ಮುಖ್ಯ ಭೂಭಾಗಕ್ಕೆ ಜೋಡಿಸುವ ಪಾಂಬನ್ ಸೇತುವೆ ತೆರೆದ ಮೇಲೆ ಸೌತ್ ಇಂಡಿಯನ್ ರೈಲ್ವೆಯ ಮೀಟರ್ ಗೇಜ್ ಹಳಿ ಧನುಷ್ಕೋಡಿಯ ತುದಿಯನ್ನು ಮುಟ್ಟಿತು. ಅಲ್ಲಿಂದ ಸಿಂಹಳದ ದಡದ ತಲೈಮನ್ನಾರ್‌ಗೆ ಸುಮಾರು 35 ಕಿ.ಮೀ. ನೀರಿನ ದಾರಿ, ಎರಡು ಗಂಟೆಯ ಆಸುಪಾಸಿನ ಪ್ರಯಾಣ. ಕರ್ಜನ್, ಎಲ್ಗಿನ್, ಹಾರ್ಡಿಂಜ್ ಎಂಬ ಹಡಗುಗಳು, ಮುಂದೆ ಇರ್ವಿನ್ ಮತ್ತು ಗೋಶೆನ್, ಈ ಕೆಲಸ ಮಾಡಿದವು. ಆಚೆ ದಡದಲ್ಲಿ ಸಿಂಹಳದ ಬ್ರಾಡ್ ಗೇಜ್ ರೈಲು ಕಾದಿರುತ್ತಿತ್ತು. ಮದರಾಸಿನಲ್ಲಿ ಕೊಂಡ ಒಂದೇ ಟಿಕೆಟ್ಟು ಕೊಲಂಬೊ ಫೋರ್ಟ್‌ವರೆಗೆ ನಡೆಯುತ್ತಿತ್ತು. ಅಧಿಕಾರಿಗಳು, ವ್ಯಾಪಾರಿಗಳು ಮೊದಲ ದರ್ಜೆಯಲ್ಲಿ ಹೋದರೆ, ಚಹಾ ತೋಟಗಳಿಗೆ ಕೂಲಿಗಾಗಿ ಹೊರಟ ತಮಿಳು ಕುಟುಂಬಗಳು ಮಂಡಪಂ ಶಿಬಿರದಲ್ಲಿ ಇಳಿದು, ವೈದ್ಯಕೀಯ ತಪಾಸಣೆಗೆ ಒಳಗಾಗಿ, ಕ್ವಾರಂಟೈನ್‌ನ ದಿನಗಳನ್ನು ಕಳೆದ ನಂತರವೇ ಮುಂದಕ್ಕೆ ಹೋಗಬೇಕಿತ್ತು. ಉಗಿಬಂಡಿಯ ವೈಭವವನ್ನು ನೆನೆಯುವವರು ಈ ಶಿಬಿರವನ್ನೂ ನೆನೆಯಬೇಕು. ಬೋಗಿಗಳನ್ನು ತುಂಬಿದವರು ಹೆಚ್ಚಾಗಿ ಇವರೇ.

ಬೆಂಗಳೂರಿನಿಂದ ಹೋಗುವವರು ಹಗಲಿನ ರೈಲಿನಲ್ಲಿ ಚೆನ್ನೈ ಸೆಂಟ್ರಲ್ ತಲುಪಿ, ಅಲ್ಲಿಂದ ಮೆಟ್ರೊದಲ್ಲಿ ಎಗ್ಮೋರ್‌ಗೆ ಹೋಗುವುದು ಅನುಕೂಲ. ಸಾಮಾನಿನೊಂದಿಗೆ ಆಟೋ ಹುಡುಕುವ ಅಗತ್ಯವಿಲ್ಲ. ಆದರೆ ಎಗ್ಮೋರ್ ನಿಲ್ದಾಣದ ನವೀಕರಣದ ಕಾರಣ ಕೆಲವು ರೈಲುಗಳ ಹೊರಡುವ ನಿಲ್ದಾಣ ಬದಲಾಗುವುದುಂಟು. ಪ್ರಯಾಣದ ಹಿಂದಿನ ದಿನ ಖಚಿತಪಡಿಸಿಕೊಳ್ಳಿ. ಚೆನ್ನೈ ಬೇಡವೆನ್ನುವವರಿಗೆ ಮೈಸೂರು–ತೂತುಕುಡಿ ಎಕ್ಸ್‌ಪ್ರೆಸ್ ಇದೆ. ಅದರಲ್ಲಿ ಮದುರೈಗೆ ಹೋಗಿ ರಾಮೇಶ್ವರದ ಪ್ಯಾಸೆಂಜರ್ ಹಿಡಿಯಬಹುದು. ಹಾಗೆ ಹೋದರೆ ಸೇತುವೆಯನ್ನು ಹಗಲಿನಲ್ಲಿ ದಾಟುವುದೂ ಖಚಿತ.

ತಿರುಚ್ಚಿ, ಕಾರೈಕುಡಿ, ಮಾನಾಮದುರೈ ದಾಟುವ ವೇಳೆಗೆ ನಿದ್ರೆ ಮುಗಿದಿರಲಿ. ರಾಮನಾಥಪುರದ ನಂತರ ಭೂಮಿ ಚಪ್ಪಟೆಯಾಗುತ್ತದೆ, ತಾಳೆಮರಗಳು ವಿರಳವಾಗುತ್ತವೆ, ಮಂಡಪಂ ಕಳೆದೊಡನೆ ಎರಡೂ ಕಡೆ ನೀರು. ಈಗ ರೈಲು ಸಾಗುವುದು 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸ ಸೇತುವೆಯ ಮೇಲೆ, ಇದರ 72.5 ಮೀಟರ್ ಉದ್ದದ ನಡುಭಾಗವು ಹಡಗು ಬಂದಾಗ ನೇರವಾಗಿ ಮೇಲಕ್ಕೇರುತ್ತದೆ. ಪಕ್ಕದ ಹಳೆಯ ಸೇತುವೆಯಲ್ಲಿ ಷೆರ್ಜರ್ ಮಾದರಿಯ ಎರಡು ಉಕ್ಕಿನ ತೋಳುಗಳನ್ನು ಕೆಲಸಗಾರರು ಕೈಯಿಂದಲೇ ಸನ್ನೆ ತಿರುಗಿಸಿ ಎತ್ತುತ್ತಿದ್ದರು. 2022ರ ಕೊನೆಯಲ್ಲಿ ಅದರ ಮೇಲೆ ಸಂಚಾರ ನಿಂತಿತು. ಅದನ್ನು ಕಳಚಲು ರೈಲ್ವೆ ನಿರ್ಧರಿಸಿರುವುದರಿಂದ ನೋಡಬೇಕೆನ್ನುವವರು ತಡಮಾಡಬಾರದು. ರೈಲಿನಿಂದ ನೋಡಿದ್ದು ಸಾಲದು. ರಾಮೇಶ್ವರದಲ್ಲಿ ಸಾಮಾನಿಟ್ಟ ಮೇಲೆ ಪಾಂಬನ್ ರಸ್ತೆ ಸೇತುವೆಗೆ ಬಂದು ಮೇಲಿನಿಂದ ಎರಡನ್ನೂ ನಿಧಾನವಾಗಿ ನೋಡಿ. ಗಾಳಿಯ ವೇಗ ಗಂಟೆಗೆ 58 ಕಿ.ಮೀ. ಮೀರಿದರೆ ಸೇತುವೆಯ ಮೇಲೆ ರೈಲು ಬಿಡುವುದಿಲ್ಲ. ಆದ್ದರಿಂದ ಮರುಪ್ರಯಾಣದಲ್ಲಿ ಮುಂದಿನ ರೈಲಿಗೆ ಸಾಕಷ್ಟು ಬಿಡುವು ಇಟ್ಟುಕೊಳ್ಳಿ.

ಧನುಷ್ಕೋಡಿಗೆ ಬೆಳಿಗ್ಗೆ ಬೇಗನೆ ಹೊರಡಬೇಕು. ಮುಕುಂದರಾಯರ್ ಛತ್ರಂನಿಂದ ನೆಲದ ಕೊನೆಯ ತುದಿಯಾದ ಅರಿಚಲ್ ಮುನೈವರೆಗಿನ ರಸ್ತೆ 2017ರಲ್ಲಿ ತೆರೆದ ಮೇಲೆ ಮರಳಿನಲ್ಲಿ ವ್ಯಾನ್ ಹತ್ತುವ ಕಷ್ಟ ತಪ್ಪಿದೆ. ಆದರೆ ಆಟೋದವರು ನೇರವಾಗಿ ತುದಿಗೆ ಕರೆದೊಯ್ದು ಹಿಂದಿರುಗಿಸುವುದೇ ರೂಢಿ. ಚಂಡಮಾರುತಕ್ಕೆ ಹಾಳಾದ ಹಳೆಯ ಊರಿನಲ್ಲಿ ಕನಿಷ್ಠ ಎರಡು ಗಂಟೆ ಕಾಯಬೇಕೆಂದು ಮೊದಲೇ ಮಾತನಾಡಿ ಬಾಡಿಗೆ ಗೊತ್ತುಮಾಡಿಕೊಳ್ಳಿ. ಸಂಜೆಯಾಗುವ ಮೊದಲೇ ಪೊಲೀಸರು ಎಲ್ಲರನ್ನೂ ವಾಪಸು ಕಳುಹಿಸುತ್ತಾರೆ. ನೆರಳಿಲ್ಲ, ಉಳಿಯಲು ವಸತಿಗೃಹವಿಲ್ಲ. ನೀರು ಮತ್ತು ಟೋಪಿ ಜೊತೆಗಿರಲಿ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿದಾಗ ಪಾಂಬನ್‌ನಿಂದ ಬರುತ್ತಿದ್ದ 653ನೆಯ ಪ್ಯಾಸೆಂಜರ್ ರೈಲು ಧನುಷ್ಕೋಡಿಯ ಸಮೀಪದಲ್ಲೇ ಅಲೆಗೆ ಸಿಕ್ಕಿತು. ಅದರಲ್ಲಿದ್ದ ಯಾರೂ ಉಳಿಯಲಿಲ್ಲ. ಊರು, ನಿಲ್ದಾಣ, ಧಕ್ಕೆ ಎಲ್ಲವೂ ಹೋದವು. ಈಗ ಉಳಿದಿರುವ ಇಗರ್ಜಿಯ ಗೋಡೆಯ ಹತ್ತಿರ ನಿಂತು ನೋಡಿ: ಗಾರೆ ಉದುರಿದ ಕಡೆ ಒಳಗಿನ ಕಲ್ಲು ಕಾಣುತ್ತದೆ, ಅದು ಹವಳದ ಕಲ್ಲು. ಸಣ್ಣ ಸಣ್ಣ ರಂಧ್ರಗಳಲ್ಲಿ ಮರಳು ಸೇರಿಕೊಂಡಿದೆ, ಬೆರಳಿನಿಂದ ಮುಟ್ಟಿದರೆ ಒರಟಾಗಿ ತರಚುತ್ತದೆ. ಊರನ್ನು ಕಟ್ಟಿದ್ದೂ ಸಮುದ್ರದಿಂದ ತೆಗೆದ ಕಲ್ಲಿನಿಂದಲೇ. ದಯವಿಟ್ಟು ಗೋಡೆ ಹತ್ತಬೇಡಿ, ಕಲ್ಲಿನ ಚೂರು ತರಬೇಡಿ. ಸುತ್ತಲೂ ಗುಡಿಸಲು ಹಾಕಿಕೊಂಡು ಮೀನು ಹಿಡಿದು ಬದುಕುವ ಕುಟುಂಬಗಳಿಗೆ ಇದು ಹಿರಿಯರ ಊರು. ಹಾನಿಗೊಂಡ ಸೇತುವೆಯನ್ನು ಆಗ 46 ದಿನಗಳಲ್ಲಿ ಸರಿಪಡಿಸಿದ ತಂಡದ ಮುಂದಾಳು ಇ. ಶ್ರೀಧರನ್; ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲನ್ನು ತಂದವರೂ ಅವರೇ. ಆದರೆ ಧನುಷ್ಕೋಡಿಯ ಹಳಿ ಮತ್ತೆ ಬರಲಿಲ್ಲ. ಹಡಗು ರಾಮೇಶ್ವರದಿಂದ ಓಡಿತು, 1980ರ ದಶಕದಲ್ಲಿ ಸಿಂಹಳದ ಅಂತರ್ಯುದ್ಧದಿಂದಾಗಿ ಅದೂ ನಿಂತಿತು.

ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಈ ಪ್ರಯಾಣಕ್ಕೆ ಹಿತ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಗಾಳಿ ಮಳೆಗೆ ಯೋಜನೆ ಕೆಡಬಹುದು.

ರೈಲು ಮತ್ತು ಹಡಗು ಎರಡನ್ನೂ ಅನುಭವಿಸಲೇಬೇಕೆನ್ನುವವರಿಗೆ ಈಗ ಬೇರೆ ದಾರಿಯೊಂದಿದೆ. 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಣಂನಿಂದ ಜಾಫ್ನಾ ಬಳಿಯ ಕಾಂಕೇಸನ್ ತುರೈಗೆ ಪ್ರಯಾಣಿಕರ ಹಡಗು ಆರಂಭವಾಯಿತು, ನಡುವೆ ನಿಂತು 2024ರಲ್ಲಿ ಮತ್ತೆ ಹೊರಟಿತು. ಪಾಸ್‌ಪೋರ್ಟ್ ಮತ್ತು ಶ್ರೀಲಂಕಾದ ಪ್ರವೇಶ ಅನುಮತಿ ಬೇಕು, ಸಾಮಾನಿನ ತೂಕಕ್ಕೆ ಮಿತಿಯಿದೆ. ಇಳಿದ ಊರಿನಲ್ಲೇ ಕೊಲಂಬೊ ಕಡೆಯ ರೈಲು ಮಾರ್ಗದ ಕೊನೆಯ ನಿಲ್ದಾಣವಿದೆ. ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರ್ ಧಕ್ಕೆಯ ಹಳಿಯನ್ನೂ ಭಾರತದ ನೆರವಿನಿಂದ ಪುನಃ ಹಾಕಿ 2015ರಲ್ಲಿ ತೆರೆದಿದ್ದಾರೆ. ಆಚೆ ದಡದ ಕಥೆಯನ್ನೂ ನೋಡಬಯಸುವವರು ಅನುರಾಧಪುರದಲ್ಲಿ ಇಳಿದು ಅಲ್ಲಿಗೆ ಹೋಗಬಹುದು. ಸಮುದ್ರ ಕೆಟ್ಟಾಗ ಹಡಗು ರದ್ದಾಗುವುದರಿಂದ, ಹಡಗಿನ ಟಿಕೆಟ್ ಖಚಿತವಾದ ನಂತರವೇ ರೈಲು, ವಸತಿಗೃಹಗಳನ್ನು ಕಾಯ್ದಿರಿಸಿ.