ಪಿಸ್ಟನ್‌ಗೆ ಜ್ವರ ಬಂದ ದಿನ

ಕಳೆದ ತಿಂಗಳು ನಮ್ಮ ಮೇಷ್ಟ್ರು ತೀರಿಕೊಂಡರು. ಐಟಿಐನ ಎಂಎಂವಿ, ಅಂದರೆ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡಿನ 1998ರ ಬ್ಯಾಚಿನವರು ಒಂಬತ್ತು ಜನ ಅವರ ಮನೆ ಮುಂದೆ ಸೇರಿದ್ದೆವು. ಥಿಯರಿ ಪೇಪರಿನಲ್ಲಿ ಏನು ಬರೆದಿದ್ದೆವೋ ಒಬ್ಬರಿಗೂ ನೆನಪಿಲ್ಲ. ಆ ಬಿಸಿ ಪಿಸ್ಟನ್ ಮಾತ್ರ ಯಾರೂ ಮರೆತಿಲ್ಲ.

ನಾವು ಅವರಿಗಿಟ್ಟ ಹೆಸರು ಮೈಕ್ರಾನ್ ಮೇಷ್ಟ್ರು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ವರ್ಕ್‌ಶಾಪಿನಲ್ಲಿ ಒಂದು ಮಾರುತಿ 800 ಇಂಜಿನ್ ಇತ್ತು. ಮೂರು ಸಿಲಿಂಡರ್, 796 ಸಿಸಿ, ಬೋರ್ (ಸಿಲಿಂಡರಿನ ಒಳವ್ಯಾಸ) 68.5 ಮಿ.ಮೀ. ಎಷ್ಟು ಬ್ಯಾಚು ಅದನ್ನು ಬಿಚ್ಚಿ ಕಟ್ಟಿದ್ದವೋ, ನಟ್ಟುಗಳ ಮೂಲೆಗಳೇ ಸವೆದಿದ್ದವು. ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಇಳಿಸಿ, ಪ್ರತಿ ಕಡೆ ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಅಳೆಯಬೇಕು. ಒಂದು ಸಿಲಿಂಡರಿಗೆ ಆರು ಅಳತೆ. ಆರನೆಯದನ್ನು ಅಂದಾಜಿಗೆ ಬರೆದರೆ ಅದು ಹೇಗೋ ಅವರಿಗೆ ಗೊತ್ತಾಗುತ್ತಿತ್ತು! ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು ಸ್ಕರ್ಟಿನ, ಅಂದರೆ ಅದರ ಬುಡದ ಹತ್ತಿರ, ಅದಕ್ಕೆ ತೂರಿಸಿದ ಪಿನ್ನಿಗೆ ಅಡ್ಡಲಾಗಿ. ನೋಡೋಕೆ ದುಂಡಗಿದ್ದರೂ ಅದು ಪೂರ್ತಿ ದುಂಡಗಿರಲ್ಲ, ತಲೆಯೂ ಬುಡಕ್ಕಿಂತ ಸಣ್ಣ.

ಪಿಸ್ಟನ್ ತಲೆ ಮೇಲೆ 1 ಅಥವಾ 2 ಅಂತ ಗ್ರೇಡ್. 1 ಅಂದರೆ ದೊಡ್ಡದು, 2 ಅಂದರೆ ಸಣ್ಣದು. ಸಿಲಿಂಡರುಗಳಿರುವ ಬ್ಲಾಕಿನ ಮೇಲೂ ಅದೇ ಅಂಕಿ ಇರುತ್ತೆ, ಎರಡೂ ಕೂಡಬೇಕು. ಗ್ರೇಡಿಗೂ ಗ್ರೇಡಿಗೂ ವ್ಯತ್ಯಾಸ ಬರೀ 10 ಮೈಕ್ರಾನ್. ಇಷ್ಟಕ್ಕೆ ಇಷ್ಟೊಂದು ಗಲಾಟೆಯಾ ಅಂತ ನಮಗೆ ನಗು.

ಒಂದು ದಿನ ಊಟದ ಹೊತ್ತಿನಲ್ಲಿ ನಾನೂ ಇನ್ನೊಬ್ಬನೂ 2ನೇ ಗ್ರೇಡಿನ ಪಿಸ್ಟನ್ ಒಂದನ್ನು ತಗಡಿನ ಮೇಲೆ ಬಿಸಿಲಿಗಿಟ್ಟೆವು. ಐಡಿಯಾ ನನ್ನದೇ. ಮೇಷ್ಟ್ರ ಮೈಕ್ರೋಮೀಟರ್ ಇದನ್ನು 1 ಅನ್ನುತ್ತೆ ಅಂತ ಬೆಟ್ಟು. ಅವರು ಬಂದರು, ಪಿಸ್ಟನ್ ಕೈಗೆತ್ತಿಕೊಂಡರು. ಮೈಕ್ರೋಮೀಟರ್ ಮುಟ್ಟಲೇ ಇಲ್ಲ. ಮಗುವಿನ ಹಣೆ ನೋಡುವವರ ಹಾಗೆ ಕೆನ್ನೆಗೆ ಒತ್ತಿಕೊಂಡು, "ಜ್ವರ ಬಂದಿದೆಯಲ್ಲೋ ಇದಕ್ಕೆ! ಯಾರೋ ಬಿಸಿಲಲ್ಲಿ ಆಡಿಸಿದ್ದು?" ಅಂದರು.

ನಮಗೆ ಸಿಕ್ಕ ಶಿಕ್ಷೆ, ಅದು ತಣ್ಣಗಾಗುವ ತನಕ ಹತ್ತು ನಿಮಿಷಕ್ಕೊಮ್ಮೆ ಅಳೆದು ಬರೆಯುವುದು. ಮೊದಲ ಸಲ 30 ಮೈಕ್ರಾನ್ ಜಾಸ್ತಿ ಬಂತು. ಆ ಅಳತೆಯ ಅಲ್ಯೂಮಿನಿಯಂ ಹತ್ತು ಡಿಗ್ರಿ ಕಾದರೆ ಸುಮಾರು 15 ಮೈಕ್ರಾನ್ ಹಿಗ್ಗುತ್ತೆ, ಅಂದರೆ ಒಂದೂವರೆ ಗ್ರೇಡು. ನಗು ನಿಂತಿತು. ಬಸ್ಸೂ ತಪ್ಪಿತು. ಮೇಷ್ಟ್ರು ಮನೆಗೆ ಹೋಗದೆ ಪಕ್ಕದಲ್ಲೇ ಕೂತು ನಮಗೂ ಕಡ್ಲೆಕಾಯಿ ಕೊಟ್ಟರು.

"ಮೊದಲು ಪಿಸ್ಟನ್ ತನ್ನಿ, ಆಮೇಲೆ ಬೋರಿಂಗ್ ಮಾಡಿಸಿ" ಅನ್ನುತ್ತಿದ್ದರು. ಬೋರಿಂಗ್ ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು. ಡಬ್ಬಿ ಮೇಲೆ 0.25 ಓವರ್‌ಸೈಜ್ (ಕಾಲು ಮಿ.ಮೀ. ದೊಡ್ಡದು) ಅಂತಿದ್ದರೂ ಕೈಲಿರುವ ಪಿಸ್ಟನ್ ಅಳೆದೇ ಬೋರ್ ಹೊಡೆಯಬೇಕು, ಜೋಡಿಗೆ ನಂಬರ್ ಹಾಕಿಡಬೇಕು. ಸಡಿಲಾದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಅನ್ನುತ್ತೆ, ಬಿಗಿಯಾದರೆ ಇಂಜಿನ್ ಹಿಡಿದುಕೊಳ್ಳುತ್ತೆ. ನನ್ನ ಗ್ಯಾರೇಜಿಗೆ ಈಗ 22 ವರ್ಷ. ಶಬ್ದ ಬರ್ತಿದೆ ಅಂತ ವಾಪಸ್ ಬಂದ ಇಂಜಿನ್ ಎರಡೇ. ಅದರಲ್ಲಿ ಒಂದು ನನ್ನ ತಪ್ಪಲ್ಲ.

ಈಗ ಕೆಲಸ ಕಲಿತು ಬರುವ ಹುಡುಗರು ಜಾಣರೇ. ಕಂಪ್ಯೂಟರಿನಲ್ಲಿ ಪಿಸ್ಟನ್ ತಿರುಗಿಸಿ ಎಲ್ಲಾ ಭಾಗದ ಹೆಸರು ಹೇಳುತ್ತಾರೆ. ಬೋರ್ ಗೇಜ್ ಕೊಟ್ಟರೆ ಮಾತ್ರ ಹಿಂದೆ ಮುಂದೆ ನೋಡುತ್ತಾರೆ. ಅದು ಬೀರುವಿನಲ್ಲಿತ್ತು ಸರ್, ಬೀಗ ಹಾಕಿರ್ತಿದ್ರು ಅನ್ನುತ್ತಾರೆ. ಅವರನ್ನು ಬೈದು ಏನು ಬಂತು?

ಮೊನ್ನೆ ಒಬ್ಬ ಹುಡುಗ ಪಿಸ್ಟನ್ ಸೆಟ್ ತಂದು, ಗಾಡಿಯ ಸೀಟಿನ ಮೇಲೆ ಬಿಸಿಲಲ್ಲೇ ಬಿಟ್ಟು ಟೀ ಕುಡಿಯೋಕೆ ಹೋಗಿದ್ದ. ನಾನು ಒಂದನ್ನು ಕೆನ್ನೆಗಿಟ್ಟು ನೋಡಿದೆ. ಸೆಟ್ಟನ್ನು ಬ್ಲಾಕಿನ ಪಕ್ಕ ನೆರಳಲ್ಲಿ ಇಡಿಸಿದೆ. ಕಾರಿನವರು ಎರಡು ಸಲ ಫೋನ್ ಮಾಡಿದರು.

"ಜ್ವರ ಇಳೀಲಿ ಸರ್, ನಾಳೆ ಬನ್ನಿ" ಅಂದೆ.